"ಭಾಗಿಸಿದರೆ ಜಾಸ್ತಿ ಹೇಗಾಯ್ತು ಮಿಸ್?" ಗಣಿತ ಅಂದರೆ ಬಾಯಿ ಒಣಗುವವರು ಪಾಠ ಮಾಡುವುದು ಹೇಗೆ?

ಎರಡನೇ ವರ್ಷ · ಸೋಮವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ನಾನು ಡಿ.ಎಲ್.ಎಡ್. (ಪ್ರಾಥಮಿಕ ಶಾಲೆ ಟೀಚರ್ ಆಗುವ ತರಬೇತಿ) ಎರಡನೇ ವರ್ಷ, ಬೆಂಗಳೂರಿನಲ್ಲೇ. ಪಿಯುಸಿಯಲ್ಲಿ ಕಲಾ ವಿಭಾಗ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ 41. ಆ 41 ಹೇಗೆ ಬಂತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ಈಗ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಇಂಟರ್ನ್‌ಶಿಪ್ ನಡೆಯುತ್ತಿದೆ. ಕನ್ನಡ ಪಾಠ ಅಂದರೆ ನನಗೆ ಹಬ್ಬ. ಪರಿಸರ ಅಧ್ಯಯನವೂ ಪರವಾಗಿಲ್ಲ. ಆದರೆ ಕಳೆದ ಗುರುವಾರ ಏಳನೇ ತರಗತಿಯ ಗಣಿತ ಮೇಷ್ಟ್ರು ಮತದಾರರ ಪಟ್ಟಿ ಕೆಲಸಕ್ಕೆ ಹೋಗಿದ್ದರು. "ಸುಮ್ನೆ ಕೂರಿಸಬೇಡ, ಮುಂದಿನ ಲೆಕ್ಕ ಮಾಡಿಸು" ಅಂತ ಹೆಡ್ ಮಿಸ್ ನನ್ನನ್ನು ಕಳಿಸಿದರು. ನೋಡಿದರೆ ಭಿನ್ನರಾಶಿಗಳ ಭಾಗಾಕಾರ.

ಬೋರ್ಡಿನ ಮೇಲೆ 2 ÷ ½ ಬರೆದೆ. ½ನ್ನು ತಲೆಕೆಳಗು ಮಾಡಿದೆ, ಗುಣಿಸಿದೆ, 4 ಅಂತ ಬರೆದೆ. ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು. "ಮಿಸ್, ಭಾಗಿಸಿದರೆ ಕಡಿಮೆ ಆಗಬೇಕಲ್ವಾ? ಎರಡು ಹೋಗಿ ನಾಲ್ಕು ಹೇಗಾಯ್ತು?"

ನನ್ನ ಬಾಯಿ ಒಣಗಿತು. "ರೂಲ್ ಹಾಗಿದೆ ಪುಟ್ಟಾ, ಕೂತ್ಕೋ" ಅಂದೆ. ಅವಳು ಕೂತಳು. ಆಮೇಲೆ ಆ ಪೀರಿಯಡ್ ಪೂರ್ತಿ ಒಂದು ಸಲವೂ ತಲೆ ಎತ್ತಲಿಲ್ಲ. ಬಸ್ಸಿನಲ್ಲಿ ಮನೆಗೆ ಬರುವಾಗ ನೆನಪಾಯಿತು, ನಾನು ಏಳನೇ ತರಗತಿಯಲ್ಲಿದ್ದಾಗ ನನಗೂ ಇದನ್ನೇ ಹೇಳಿ ಕೂರಿಸಿದ್ದರು.

ಮುಂದಿನ ಮಂಗಳವಾರ ನಮ್ಮ ಉಪನ್ಯಾಸಕರು ಪಾಠ ನೋಡಲು ಬರುತ್ತಾರೆ. ಅದೇ ತರಗತಿ, ಅದೇ ಘಟಕ. ಆ ಹುಡುಗಿಗೆ ಏನು ಹೇಳಲಿ? ಮತ್ತೆ ನಿಮಗೂ ಹೆದರಿಕೆ ಇದ್ದ ವಿಷಯ ಯಾವುದಾದರೂ ಇದ್ದರೆ, ಅದನ್ನು ಹೇಗೆ ದಾರಿಗೆ ತಂದುಕೊಂಡಿರಿ? ದಯವಿಟ್ಟು "ಧೈರ್ಯವಾಗಿರಿ" ಅಂತ ಮಾತ್ರ ಹೇಳಬೇಡಿ. ಅದನ್ನು ನಮ್ಮಮ್ಮ ದಿನಾ ಹೇಳುತ್ತಾರೆ.

ಬಳಪದ ಚೂರು · 9:20

ಮೊದಲು ಆ ಹುಡುಗಿಗೆ ನೂರಕ್ಕೆ ನೂರು ಕೊಡಿ.

ಟ್ಯೂಷನ್ ಸರ್ · 9:26

ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಭಾಗಾಕಾರ ಅಂದರೆ ವ್ಯುತ್ಕ್ರಮದಿಂದ, ಅಂದರೆ ತಲೆಕೆಳಗು ಮಾಡಿದ ಭಿನ್ನರಾಶಿಯಿಂದ ಗುಣಿಸುವುದು. ಅಷ್ಟೇ. ಹತ್ತು ಲೆಕ್ಕ ಮಾಡಿಸಿದರೆ ತಾನಾಗಿ ಕೂರುತ್ತದೆ. ಯೂಟ್ಯೂಬಿನಲ್ಲಿ ಬೇಕಾದಷ್ಟು ವಿಡಿಯೋ ಇವೆ. ನನ್ನ ಹತ್ತಿರ ಬರುವ ಮಕ್ಕಳು 90ರ ಮೇಲೆಯೇ ತೆಗೆಯುವುದು.

ಬಳಪದ ಚೂರು · 9:28

ಸರ್, ಅವಳು ಕೇಳಿದ್ದು "ಹೇಗೆ ಮಾಡುವುದು" ಅಂತ ಅಲ್ಲ. "ಯಾಕೆ" ಅಂತ.

ತುಮಕೂರು ಮೇಷ್ಟ್ರು · 9:51

ತಾಯಿ, ನಾನು 34 ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತನಾದವನು. ಟೀಚರ್ ತರಬೇತಿಗೆ ಟಿಸಿಹೆಚ್ ಅನ್ನುತ್ತಿದ್ದ ಕಾಲದವನು. ಈಗ ಮಗನ ಮನೆ ಅಂತ ಬೆಂಗಳೂರಿನಲ್ಲಿದ್ದೇನೆ.

ನಿಮ್ಮ ಮನೆಯಲ್ಲಿ ಪಾವು ಇದೆಯಾ? ಅಕ್ಕಿ ಡಬ್ಬದೊಳಗೆ ನೋಡಿ, ಇರುತ್ತದೆ. ಅಚ್ಚೇರು, ಸೇರು ಸಿಕ್ಕರೆ ಇನ್ನೂ ಒಳ್ಳೆಯದು. ನಾಲ್ಕು ಪಾವು ಒಂದು ಸೇರು. ಎರಡು ಪಾವು ಅಚ್ಚೇರು, ಅಂದರೆ ಅರ್ಧ ಸೇರು. ಪಾವು ಅಂದರೆ ಕಾಲು ಸೇರು. ಭಿನ್ನರಾಶಿ ಪೂರ್ತಿ ಅಡುಗೆಮನೆಯಲ್ಲೇ ಕೂತಿದೆ.

ಎರಡು ಸೇರು ಅಕ್ಕಿಯನ್ನು ಒಂದು ಬೇಸಿನ್‌ಗೆ ಸುರಿಯಿರಿ. ಆ ಹುಡುಗಿಯ ಕೈಗೆ ಅಚ್ಚೇರು ಕೊಡಿ. "ಎಷ್ಟು ಸಲ ಅಳೆದರೆ ಖಾಲಿಯಾಗುತ್ತದೆ?" ಅಂತ ಕೇಳಿ. ನಾಲ್ಕು ಸಲ. 2 ÷ ½ ಅಂದರೆ ಇದೇ ಪ್ರಶ್ನೆ. ಅಕ್ಕಿ ಜಾಸ್ತಿ ಆಗಲಿಲ್ಲ ಮಗಳೇ, ಸಲ ಜಾಸ್ತಿ ಆಯಿತು. ಅಳತೆ ಚಿಕ್ಕದಾದಷ್ಟೂ ಸಲ ಹೆಚ್ಚು.

ಮಕ್ಕಳ ತಲೆಯಲ್ಲಿ ಭಾಗಾಕಾರ ಅಂದರೆ ಹಂಚುವುದು. ಹನ್ನೆರಡು ಲಡ್ಡು ಮೂರು ಜನಕ್ಕೆ. ಅದು ತಪ್ಪಲ್ಲ. ಆದರೆ ಅರ್ಧ ಜನಕ್ಕೆ ಹಂಚುವುದು ಹೇಗೆ? ಅಲ್ಲಿ ಗಾಡಿ ನಿಲ್ಲುತ್ತದೆ. ಭಾಗಾಕಾರಕ್ಕೆ ಇನ್ನೊಂದು ಅರ್ಥ ಅಳೆಯುವುದು. ಅದನ್ನು ನಾವು ಹೇಳಿಕೊಡುವುದೇ ಇಲ್ಲ.

ರಾಗಿಮುದ್ದೆ · 9:58

ಮೇಷ್ಟ್ರೇ ಕಾಲಿಗೆ ಬಿದ್ದೆ. ನಾಲ್ವತ್ತು ವರ್ಷಕ್ಕೆ ನನಗೆ ಇವತ್ತು ಅರ್ಥವಾಯಿತು.

ಹೆಬ್ಬಾಳ ಜಾಮ್ · 10:03

ಈಗಿನ ಮಕ್ಕಳಿಗೆ ಪಾವು, ಸೇರು ಎಲ್ಲಿ ಗೊತ್ತು ಸರ್? ಎಲ್ಲರೂ ಕೆಜಿ ಪ್ಯಾಕೆಟ್ ತರುವವರು. ಗೊತ್ತಿಲ್ಲದ ಭಿನ್ನರಾಶಿಯನ್ನು ಗೊತ್ತಿಲ್ಲದ ಪಾವಿನಿಂದ ಹೇಳಿಕೊಟ್ಟರೆ ಏನು ಪ್ರಯೋಜನ?

ಮೂರು ಸೀಟಿ · 10:07

ಹೆಬ್ಬಾಳ ಜಾಮ್ ಅವರೇ, ನಿಮ್ಮ ಮನೆಯಲ್ಲಿ ಕುಕ್ಕರ್ ಇಡುವವರು ಯಾರು? ಅವರನ್ನು ಕೇಳಿ. ಅಕ್ಕಿ ಬರುವುದು ಕೆಜಿಯಲ್ಲಿ, ಬೇಯುವುದು ಪಾವಿನಲ್ಲಿ. "ಒಂದು ಪಾವಿಗೆ ಎರಡೂವರೆ ಪಾವು ನೀರು" ಅಂತ ನಮ್ಮತ್ತೆ ಇವತ್ತು ಬೆಳಿಗ್ಗೆ ತಾನೇ ಹೇಳಿದರು.

ಹೆಬ್ಬಾಳ ಜಾಮ್ · 10:09

ಸರಿ ಸರಿ, ಒಪ್ಪಿದೆ. ಕುಕ್ಕರ್ ಇಡುವುದು ನಾನೇ. ಲೋಟದಲ್ಲಿ ಅಳೆಯುತ್ತೇನೆ.

ರಾಯಚೂರು ಟು ಮೆಜೆಸ್ಟಿಕ್ · 10:15

ನಮ್ಮ ಕಡೆ ಅಂಗಡಿಯಲ್ಲಿ ಇವತ್ತಿಗೂ ಪಾವ್ ಕಿಲೋ ಅಂತಲೇ ಕೇಳುತ್ತಾರೆ ನೋಡ್ರಿ. ನಾನು ಈಗ ಬೆಂಗಳೂರಿನ ಒಂದು ಶಾಲೆಯಲ್ಲಿ ನಾಲ್ಕು, ಐದನೇ ತರಗತಿ ತೆಗೆದುಕೊಳ್ಳುತ್ತೇನೆ. ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು ಜಾಸ್ತಿ. ಒಂದು ದಿನ ಸುಮ್ನೆ ಕೇಳಿದೆ, ನಿಮ್ಮ ಮನೆಯಲ್ಲಿ ಮುಕ್ಕಾಲಿಗೆ ಏನಂತೀರಿ ಅಂತ. ತಮಿಳು ಹುಡುಗ "ಮುಕ್ಕಾಲ್" ಅಂದ. ತೆಲುಗು ಹುಡುಗಿ "ಮುಪ್ಪಾವು" ಅಂದಳು. ಉರ್ದು ಮಾತಾಡುವ ಹುಡುಗ "ಪೌನ" ಅಂದ, ಮುಂದುವರಿದು ಸವಾ, ಡೇಢ್, ಢಾಯಿ ಅಂತ ಎಲ್ಲ ಒಪ್ಪಿಸಿದ. ಲೆಕ್ಕದಲ್ಲಿ ಯಾವಾಗಲೂ ಹಿಂದಿನ ಬೆಂಚು ಅವನು. ಒಂದೂವರೆಗೆ, ಎರಡೂವರೆಗೆ ಅವರ ಮನೆಯಲ್ಲಿ ಬೇರೆ ಬೇರೆ ಹೆಸರೇ ಇದೆ ಅಂತ ಗೊತ್ತಾದ ಮೇಲೆ ಅವತ್ತು ಅವನೇ ಮೇಷ್ಟ್ರು.

ತುಮಕೂರು ಮೇಷ್ಟ್ರು · 10:22

ಭಲೇ. ನಾವು ಚಿಕ್ಕವರಿದ್ದಾಗ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಅಂತ ಬಾಯಿಪಾಠ ಮಾಡಿಸುತ್ತಿದ್ದರು. ವೀಸ ಅಂದರೆ ಹದಿನಾರನೇ ಒಂದು ಭಾಗ. ಶೆಟ್ಟರ ಅಂಗಡಿಯಲ್ಲಿ ಕಾಗದ ಇಲ್ಲದೆ ಲೆಕ್ಕ ಆಗುತ್ತಿತ್ತು. 12ನೇ ಶತಮಾನದಲ್ಲೇ ರಾಜಾದಿತ್ಯ ಗಣಿತವನ್ನು ಕನ್ನಡದಲ್ಲಿ ಬರೆದ. ನಾವು ಮಾತ್ರ "ಗಣಿತ ಕಬ್ಬಿಣದ ಕಡಲೆ" ಅಂತ ಕೂತಿದ್ದೇವೆ.

ಉಪ್ಪಿಟ್ಟು ತರಬೇತಿ · 10:30

ಮೇಷ್ಟ್ರೇ, ಮಗ್ಗಿ ಬಾಯಿಪಾಠ ಮಾಡಿದವರಲ್ಲೂ ಎಷ್ಟೋ ಜನ ಶಾಲೆ ಬಿಟ್ಟು ಓಡಿದರು. ಅದನ್ನೂ ಹೇಳಿ. ಬೆತ್ತದ ಕಥೆ ಬಿಟ್ಟು ಮಗ್ಗಿಯ ಕಥೆ ಮಾತ್ರ ಹೇಳಬೇಡಿ.

ತುಮಕೂರು ಮೇಷ್ಟ್ರು · 10:34

ನಿಜ. ಒಪ್ಪುತ್ತೇನೆ. ನಾನೂ ಏಟು ತಿಂದವನೇ, ಆಮೇಲೆ ಕೆಲವು ವರ್ಷ ಕೊಟ್ಟವನೂ ಹೌದು.

ಟ್ಯೂಷನ್ ಸರ್ · 10:41

ಪಾವಿನ ಉದಾಹರಣೆ ಕೇಳಲು ಚೆನ್ನಾಗಿದೆ. ಆದರೆ ಸ್ವಲ್ಪ ಕಷ್ಟದ ಲೆಕ್ಕಕ್ಕೆ ಕೈ ಕೊಡುತ್ತದೆ. 1¾ ÷ ½ ತೆಗೆದುಕೊಳ್ಳಿ. ಒಂದೂಮುಕ್ಕಾಲು ಸೇರು ಅಕ್ಕಿ. ಅಚ್ಚೇರಿನಲ್ಲಿ ಮೂರು ಸಲ ಅಳೆಯಬಹುದು. ಉಳಿಯುವುದು ಒಂದು ಪಾವು, ಅಂದರೆ ¼. ಹಾಗಾಗಿ ಉತ್ತರ 3¼ ಬರಬೇಕು. ಆದರೆ ರೂಲ್ ಪ್ರಕಾರ 3½. ಅಕ್ಕಿ ಸುಳ್ಳು ಹೇಳಿತು. ಅದಕ್ಕೇ ನಾನು ಹೇಳಿದ್ದು, ರೂಲ್ ಸಾಕು.

ರಾಗಿಮುದ್ದೆ · 10:44

ಅಯ್ಯೋ. ಈಗ ಅರ್ಥವಾಗಿದ್ದು ಮತ್ತೆ ಹೋಯಿತು.

ಮೂರು ಸೀಟಿ · 10:52

ಟ್ಯೂಷನ್ ಸರ್, ಅಕ್ಕಿ ಸುಳ್ಳು ಹೇಳಲಿಲ್ಲ. ಉಳಿದ ಪಾವು *ಸೇರಿನ* ಕಾಲು ಭಾಗ. ಆದರೆ ಅಳೆಯುತ್ತಿರುವುದು ಯಾವುದರಲ್ಲಿ? ಅಚ್ಚೇರಿನಲ್ಲಿ. ಆ ಪಾವನ್ನು ಅಚ್ಚೇರಿಗೆ ಸುರಿದು ನೋಡಿ, ಅರ್ಧ ತುಂಬುತ್ತದೆ. ಮೂರು ಅಚ್ಚೇರು ಮತ್ತೆ ಅರ್ಧ ಅಚ್ಚೇರು. 3½.

ಟ್ಯೂಷನ್ ಸರ್ · 11:10

ಹ್ಮ್. ಹೌದು.

ಬಳಪದ ಚೂರು · 11:11

ಈ "ಹ್ಮ್. ಹೌದು" ಅನ್ನು ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿಡಿ 😄

ಓದುವ ಹುಳು · 11:25

ಟ್ಯೂಷನ್ ಸರ್ ಅವರನ್ನು ಆಡಿಕೊಳ್ಳಬೇಡಿ. ಆ 1¾ ÷ ½ ಅನ್ನುವುದು ಶಿಕ್ಷಣದ ಮೇಲೆ ಕೆಲಸ ಮಾಡುವವರ ನಡುವೆ ದೊಡ್ಡ ಹೆಸರು ಮಾಡಿದ ಲೆಕ್ಕ. 1999ರಲ್ಲಿ ಲಿಪಿಂಗ್ ಮಾ ಅನ್ನುವವರು ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ 23 ಮತ್ತು ಚೀನಾದ 72 ಪ್ರಾಥಮಿಕ ಶಿಕ್ಷಕರಿಗೆ ಇದೇ ಲೆಕ್ಕ ಕೊಟ್ಟಿದ್ದರು. ಮಾಡಿ ತೋರಿಸಿ, ಆಮೇಲೆ ಇದಕ್ಕೆ ಹೊಂದುವ ಒಂದು ಕಥೆಯ ಲೆಕ್ಕ ಕಟ್ಟಿ ಅಂತ. ಅಮೆರಿಕದವರಲ್ಲಿ ಪೂರ್ತಿ ಸರಿ ಉತ್ತರ ಬರೆದವರು 9 ಜನ. ಚೀನಾದ 72 ಜನವೂ ಸರಿ ಬರೆದರು, ಬಹಳಷ್ಟು ಜನ ಕಥೆಯನ್ನೂ ಕಟ್ಟಿದರು.

ತಮಾಷೆ ಏನೆಂದರೆ ಅಮೆರಿಕದವರು ಪದವೀಧರರು. ಚೀನಾದ ಆ ಶಿಕ್ಷಕರಲ್ಲಿ ಹೆಚ್ಚಿನವರು ಒಂಬತ್ತನೇ ತರಗತಿ ಮುಗಿಸಿ ಎರಡು ಮೂರು ವರ್ಷ ಟೀಚರ್ ತರಬೇತಿ ಪಡೆದವರು. ಅವರು ಕೆಲಸಕ್ಕೆ ಸೇರಿದ ಮೇಲೆ ಪಠ್ಯಪುಸ್ತಕವನ್ನು ಜೊತೆಗೆ ಕೂತು, ಒಂದೊಂದು ಲೆಕ್ಕ ಬಿಡಿಸಿ ಓದುತ್ತಿದ್ದರು. ಹಾಗಾಗಿ ಎರಡನೇ ವರ್ಷ ಅವರೇ, ನಿಮ್ಮ 41 ಮತ್ತು ಕಲಾ ವಿಭಾಗ ಎರಡನ್ನೂ ಸ್ವಲ್ಪ ಪಕ್ಕಕ್ಕಿಡಿ.

ಖಾರದ ಪುಡಿ · ಮಂಗಳವಾರ ಬೆಳಿಗ್ಗೆ 7:40

ಎಲ್ಲ ಸರಿ. ಆದರೆ ಕಟುವಾಗಿ ಕೇಳುತ್ತೇನೆ. ಗಣಿತ ಬರದವರು ಟೀಚರ್ ಯಾಕೆ ಆಗಬೇಕು? ಎಲ್ಲೂ ಸೀಟು ಸಿಗದವರು ಡಿ.ಎಲ್.ಎಡ್. ಸೇರುತ್ತಾರೆ. ಟೀಚರ್ ಆಗಲು ಬರೆಯುವ ಅರ್ಹತಾ ಪರೀಕ್ಷೆ ಟಿಇಟಿಯ ಮೊದಲ ಪತ್ರಿಕೆ 150 ಅಂಕ, ಗಣಿತ 30. ಗಣಿತ ಪೂರ್ತಿ ಬಿಟ್ಟರೂ ಉಳಿದ 120ರಲ್ಲಿ 90 ತೆಗೆದರೆ ಪಾಸು. ಅಂಥವರ ಕೈಗೆ ನಮ್ಮ ಮಕ್ಕಳು.

ಉಪ್ಪಿಟ್ಟು ತರಬೇತಿ · 7:55

ಖಾರದ ಪುಡಿ ಅವರೇ, ನಿಮ್ಮ ಮಕ್ಕಳು ಸರ್ಕಾರಿ ಶಾಲೆಗೆ ಹೋಗುತ್ತಾರಾ?

ಖಾರದ ಪುಡಿ · 7:57

ಅದು ಬೇರೆ ವಿಷಯ.

ಉಪ್ಪಿಟ್ಟು ತರಬೇತಿ · 7:58

ಅದೇ ವಿಷಯ.

ನಾಗರಬಾವಿ ಅಮ್ಮ · 8:20

ಖಾರದ ಪುಡಿ ಹೇಳಿದ್ದರಲ್ಲಿ ಒಂದು ಎಳೆ ನಿಜವಿದೆ, ಹೇಳಿದ ರೀತಿ ಮಾತ್ರ ಸರಿಯಿಲ್ಲ. ಟೀಚರ್ ಹೆದರಿದರೆ ಆ ಹೆದರಿಕೆ ಮಕ್ಕಳಿಗೆ ದಾಟುತ್ತದೆ. 2010ರಲ್ಲಿ ಷಿಕಾಗೋದ ಸಂಶೋಧಕರು 17 ಜನ ಮಹಿಳಾ ಶಿಕ್ಷಕಿಯರ ತರಗತಿಗಳನ್ನು ಒಂದು ವರ್ಷ ನೋಡಿದರು, ಒಂದು ಮತ್ತು ಎರಡನೇ ತರಗತಿ. ವರ್ಷದ ಶುರುವಿನಲ್ಲಿ ಏನೂ ವ್ಯತ್ಯಾಸ ಇರಲಿಲ್ಲ. ಕೊನೆಗೆ, ಟೀಚರ್‌ಗೆ ಗಣಿತದ ಭಯ ಜಾಸ್ತಿ ಇದ್ದ ಕಡೆ "ಲೆಕ್ಕ ಹುಡುಗರಿಗೆ, ಓದು ಹುಡುಗಿಯರಿಗೆ" ಅಂತ ನಂಬುವ ಹುಡುಗಿಯರು ಹೆಚ್ಚಾಗಿದ್ದರು. ಹಾಗೆ ನಂಬಿದ ಹುಡುಗಿಯರ ಅಂಕವೂ ಕಡಿಮೆ. ಹುಡುಗರಿಗೆ ಏನೂ ಆಗಿರಲಿಲ್ಲ.

ನನ್ನ ಮಗಳು ಮೂರನೇ ತರಗತಿ. "ಅಮ್ಮಂಗೂ ಲೆಕ್ಕ ಬರಲ್ಲ" ಅಂತ ನಾನು ನಗುತ್ತಾ ಹೇಳುತ್ತಿದ್ದೆ. ಇದನ್ನು ಓದಿದ ದಿನದಿಂದ ನಿಲ್ಲಿಸಿದೆ.

ಎರಡನೇ ವರ್ಷ · 8:31

ಮೂರನೇ ಬೆಂಚಿನವಳು ತಲೆ ಎತ್ತದೆ ಕೂತಿದ್ದು ನೆನಪಾಗಿ ಹೊಟ್ಟೆ ಕಿವುಚಿದಂತಾಯಿತು.

ಖಾರದ ಪುಡಿ ಸರ್, ನಾನು ಬೇರೆ ಸೀಟು ಸಿಗದೆ ಬಂದವಳಲ್ಲ. ಬೇಕು ಅಂತಲೇ ಬಂದೆ. ಪ್ರಾಥಮಿಕದಲ್ಲಿ ಎಲ್ಲ ವಿಷಯವನ್ನೂ ಒಬ್ಬರೇ ಮಾಡಬೇಕು. ಅದಕ್ಕೇ ಇಲ್ಲಿ ಕೇಳುತ್ತಿರುವುದು.

ಖಾರದ ಪುಡಿ · 8:45

ಸರಿ ತಂಗಿ. ಬೆಳಿಗ್ಗೆ ಕಾಫಿ ಆಗಿರಲಿಲ್ಲ.

ಒಂದು ವೈರು ಒಂದು ಬಲ್ಬು · 9:30

ನನ್ನ ಕಥೆ ಉಲ್ಟಾ. ಗಣಿತ ನೀರು ಕುಡಿದ ಹಾಗೆ. ವಿಜ್ಞಾನ ಅಂದರೆ ನಡುಕ. ವಿದ್ಯುತ್ ಮಂಡಲದ ಚಿತ್ರ ಬೋರ್ಡಿನ ಮೇಲೆ ಚೆನ್ನಾಗಿ ಬರೆಯುತ್ತಿದ್ದೆ, ನಿಜವಾದ ಬಲ್ಬು ಮುಟ್ಟಿರಲಿಲ್ಲ. ಒಂದು ತರಬೇತಿಯಲ್ಲಿ ನಮಗೆಲ್ಲ ಒಂದು ಸೆಲ್, ಒಂದು ತುಂಡು ವೈರು, ಒಂದು ಟಾರ್ಚ್ ಬಲ್ಬು ಕೊಟ್ಟು "ಉರಿಸಿ" ಅಂದರು. ನಲವತ್ತು ಜನ ಟೀಚರ್‌ಗಳು. ಹತ್ತು ನಿಮಿಷ ಯಾರದ್ದೂ ಉರಿಯಲಿಲ್ಲ! ಎಲ್ಲರೂ ವೈರನ್ನು ಬಲ್ಬಿನ ತುದಿಗೇ ಹಿಡಿದಿದ್ದೆವು. ಬಲ್ಬಿಗೆ ಎರಡು ಜಾಗ ಇದೆ, ತುದಿಯ ಚುಕ್ಕೆ ಒಂದು, ಪಕ್ಕದ ಲೋಹದ ಕವಚ ಇನ್ನೊಂದು. ತುದಿಯನ್ನು ಸೆಲ್ ಮೇಲೆ ನಿಲ್ಲಿಸಿ, ವೈರನ್ನು ಪಕ್ಕಕ್ಕೆ ಮುಟ್ಟಿಸಿ, ಇನ್ನೊಂದು ತುದಿಯನ್ನು ಸೆಲ್ಲಿನ ಕೆಳಗೆ ಹಿಡಿದರೆ ಉರಿಯುತ್ತದೆ. ನನ್ನದು ಉರಿದಾಗ ನಾನು ಕೂಗಿದ್ದು ಪಕ್ಕದ ಕೋಣೆಗೆ ಕೇಳಿಸಿತಂತೆ.

ಆಮೇಲೆ ಎಸ್.ಪಿ. ರೋಡಿಗೆ ಹೋಗಿ ನನ್ನ ದುಡ್ಡಿನಲ್ಲೇ ಹತ್ತು ಬಲ್ಬು ತಂದೆ. ಅಂಗಡಿಯವನು ಎಲ್‌ಇಡಿ ಕೊಡಲು ಬರುತ್ತಾನೆ, ಮೋಸ ಹೋಗಬೇಡಿ. ಬಿಳಿ ಎಲ್‌ಇಡಿ ಒಂದೂವರೆ ವೋಲ್ಟಿನ ಒಂದು ಸೆಲ್ಲಿಗೆ ಉರಿಯುವುದಿಲ್ಲ. ಸುಮಾರು ಮೂರು ವೋಲ್ಟ್ ಬೇಕು, ಅದೂ ಸರಿಯಾದ ದಿಕ್ಕಿನಲ್ಲಿ ಕೊಟ್ಟರೆ ಮಾತ್ರ. ತರಗತಿಯಲ್ಲಿ ಎಲ್ಲರ ಮುಂದೆ ಉರಿಯದೆ ನಿಂತರೆ ಇದ್ದ ಧೈರ್ಯವೂ ಹೋಗುತ್ತದೆ.

ನನ್ನ ಅನುಭವದಲ್ಲಿ ಹೇಳುವುದಾದರೆ, ಹಿಂದಿನ ರಾತ್ರಿ ಮನೆಯಲ್ಲಿ ಕೈಯಾರೆ ಒಂದು ಸಲ ಮಾಡಿ ನೋಡಿದ ಪಾಠಕ್ಕೆ ಹೆದರಿಕೆ ಅರ್ಧ ಇಳಿದಿರುತ್ತದೆ. ಓದಿಕೊಂಡು ಹೋದ ಪಾಠಕ್ಕೆ ಹಾಗಾಗುವುದಿಲ್ಲ.

ನೆರಳು · 9:48

ವಿಜ್ಞಾನದ ಮಾತು ಬಂದಿದ್ದಕ್ಕೆ. ನಾನು "ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲೆ, ನೆರಳು ಇರುವುದಿಲ್ಲ" ಅಂತ ವರ್ಷಗಟ್ಟಲೆ ಪಾಠ ಮಾಡಿದವಳು. ಒಬ್ಬ ಹುಡುಗ ಹೊರಗೆ ಹೋಗಿ ನಿಂತು ಬಂದು "ಮಿಸ್, ನೆರಳು ಇದೆ" ಅಂದ. ಬೆಂಗಳೂರಿನಲ್ಲಿ ಸೂರ್ಯ ನಿಜವಾಗಿ ನೆತ್ತಿಯ ಮೇಲೆ ಬರುವುದು ವರ್ಷಕ್ಕೆ ಎರಡೇ ದಿನ, ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ. ಅದೂ ಹನ್ನೆರಡಕ್ಕಲ್ಲ, ಹನ್ನೆರಡೂ ಕಾಲು ದಾಟಿದ ಮೇಲೆ. ನಮ್ಮ ಗಡಿಯಾರದ ಸಮಯ 82.5 ಡಿಗ್ರಿ ರೇಖಾಂಶದ್ದು, ಬೆಂಗಳೂರು ಅದಕ್ಕಿಂತ ಸುಮಾರು ಐದು ಡಿಗ್ರಿ ಪಶ್ಚಿಮಕ್ಕಿದೆ. ಡಿಗ್ರಿಗೆ ನಾಲ್ಕು ನಿಮಿಷ ತಡ.

ಏಪ್ರಿಲ್‌ನಲ್ಲಿ ಬೇಸಿಗೆ ರಜೆ. ಆಗಸ್ಟ್‌ನಲ್ಲಿ ಮೋಡ. ಎರಡು ವರ್ಷದಿಂದ ಕಾಯುತ್ತಿದ್ದೇವೆ.

ರಾಗಿಮುದ್ದೆ · 9:52

ಪಾಪ ಆ ಹುಡುಗ ಪಾಸಾಗಿ ಹೋಗಿರುತ್ತಾನೆ.

ನೆರಳು · 9:53

ಹೋದ. ಆಗಸ್ಟ್‌ನಲ್ಲಿ ಗೇಟಿನ ಹತ್ತಿರ ಬಂದು "ಮಿಸ್, ಇವತ್ತೂ ಮೋಡ" ಅಂದು ಹೋಗುತ್ತಾನೆ.

ಕಾಗೆ ಕಂಠ · 10:10

ನಿಮ್ಮೆಲ್ಲರಿಗಿಂತ ನನ್ನ ಕಷ್ಟ ದೊಡ್ಡದು. ನನಗೆ ಹಾಡು ಬರುವುದಿಲ್ಲ. ಕೊಟ್ಟಿದ್ದು ನಲಿ-ಕಲಿ ತರಗತಿ, ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಆಡುತ್ತಾ ಕಲಿಯುವುದು! ಹಾಡು, ಕುಣಿತ, ಕಥೆ ಇಲ್ಲದೆ ನಲಿ-ಕಲಿ ಹೇಗೆ? ಮೊದಲ ದಿನ ಹಾಡಿದೆ. ಒಂದು ಮಗು ಕಿವಿ ಮುಚ್ಚಿಕೊಂಡಿತು, ದೇವರಾಣೆ.

ಆಮೇಲೆ ಒಂದು ಉಪಾಯ ಮಾಡಿದೆ. "ನನಗೆ ಬರಲ್ಲ, ನೀವೇ ಕಲಿಸಿ" ಅಂದೆ. ಮೂರನೇ ತರಗತಿಯ ಒಬ್ಬಳು ಹಾಡುತ್ತಾಳೆ, ನಾನು ಹಿಂದೆ ಹಿಂದೆ. ಈಗ ಹಾಡಿನ ಮಟ್ಟಿಗೆ ಅವಳೇ ಮಿಸ್. ನಾನು ತಪ್ಪಿದರೆ ನಿಲ್ಲಿಸಿ ಮತ್ತೆ ಹೇಳಿಸುತ್ತಾಳೆ.

ಉಪ್ಪಿಟ್ಟು ತರಬೇತಿ · 10:19

ನಲಿ-ಕಲಿ ಶುರುವಾಗಿದ್ದೇ ಹಾಗಲ್ವಾ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಟೀಚರ್‌ಗಳೇ ಕೂತು ಕಾರ್ಡು, ಮೈಲಿಗಲ್ಲು, ಕಲಿಕಾ ಏಣಿ ಎಲ್ಲ ಮಾಡಿಕೊಂಡಿದ್ದು. ಅವರೇ ಮಾಡಿದ್ದರಿಂದ ಅವರಿಗೆ ಹೆದರಿಕೆ ಇರಲಿಲ್ಲ. ನಮ್ಮ ಕೈಗೆ ರೆಡಿ ಕಾರ್ಡು ಬಂತು, ಜೊತೆಗೆ ಮೂರು ದಿನದ ತರಬೇತಿ ಮತ್ತೆ ಉಪ್ಪಿಟ್ಟು.

ಸಾಮಗ್ರಿಯ ಕಥೆಯೂ ಅಷ್ಟೇ. ಅಕ್ಷರ ಫೌಂಡೇಶನ್‌ನ ಗಣಿತ ಕಲಿಕಾ ಆಂದೋಲನದ ಕಿಟ್ ನೋಡಿದ್ದೀರಾ? ನಾಲ್ಕು ಐದನೇ ತರಗತಿಗೆ ಬಹಳ ಚೆನ್ನಾಗಿದೆ, ಭಿನ್ನರಾಶಿಯ ತುಂಡುಗಳೂ ಇವೆ. ನಾನು ಹಿಂದೆ ಇದ್ದ ಒಂದು ಶಾಲೆಯಲ್ಲಿ ಅದು ಬೀರುವಿನಲ್ಲಿ ಭದ್ರವಾಗಿತ್ತು. ಒಂದು ತುಂಡು ಕಳೆದರೆ ಯಾರು ಉತ್ತರ ಕೊಡುವುದು ಅಂತ. ಎರಡನೇ ವರ್ಷ ಅವರೇ, ನಿಮ್ಮ ಶಾಲೆಯ ಬೀರು ಒಮ್ಮೆ ತೆಗೆಸಿ ನೋಡಿ.

ಬಸವನಗುಡಿ ಮಿಸ್ · 11:05

ಇಂಗ್ಲಿಷ್ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ! 2019ರಿಂದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ಶುರುವಾಯಿತು. ಕನ್ನಡದಲ್ಲಿ ಓದಿ, ಕನ್ನಡದಲ್ಲಿ ತರಬೇತಿ ಪಡೆದ ನಮಗೆ ಗಣಿತವನ್ನು ಇಂಗ್ಲಿಷ್‌ನಲ್ಲಿ ಮಾಡಿ ಅಂದರು. ಹೆದರಿಕೆ ಡಬಲ್. ಜ್ಞಾನಭಾರತಿಯಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ, ಅಲ್ಲಿ ಟೀಚರ್‌ಗಳಿಗೆ 30 ದಿನದ ಕೋರ್ಸ್ ನಡೆಯುತ್ತದೆ. ನಾನು ಹೋಗಿ ಬಂದೆ. ತಪ್ಪು ಇಂಗ್ಲಿಷ್ ಮಾತಾಡಿದರೂ ಯಾರೂ ನಗದ ಜಾಗ ಒಂದು ತಿಂಗಳು ಸಿಕ್ಕಿದ್ದೇ ದೊಡ್ಡದು.

ಆದರೆ ಒಂದು ಮಾತು. "ಛೇದ" ಅಂದಾಗ ಕತ್ತರಿಸುವುದು ಅಂತ ಮಗುವಿಗೆ ಹೇಳಬಹುದು. ಎಷ್ಟು ತುಂಡು ಕತ್ತರಿಸಿದೆ ಅನ್ನುವುದು ಛೇದ, ಅದರಲ್ಲಿ ಎಷ್ಟು ತೆಗೆದುಕೊಂಡೆ ಅನ್ನುವುದು ಅಂಶ. "ಡಿನಾಮಿನೇಟರ್" ಅಂದರೆ ನಮಗೂ ಶಬ್ದ, ಮಗುವಿಗೂ ಶಬ್ದ.

ಟ್ಯೂಷನ್ ಸರ್ · 11:12

ಕನ್ನಡದಲ್ಲಿ "ವ್ಯುತ್ಕ್ರಮ" ಅಂತಲೂ ಇದೆ ಮೇಡಂ. ಅದರ ಬಗ್ಗೆ ಏನು ಹೇಳುತ್ತೀರಿ?

ಬಸವನಗುಡಿ ಮಿಸ್ · 11:14

ಅದನ್ನು ಹೇಳುವಾಗ ನನ್ನ ನಾಲಿಗೆಯೇ ತಲೆಕೆಳಗಾಗುತ್ತದೆ. ಅಲ್ಲಿಗೆ ನೀವು ಗೆದ್ದಿರಿ.

ಹೆಬ್ಬಾಳ ಜಾಮ್ · 11:40

ಪಾವಿನ ಬದಲು ಹಾಲಿನ ಪ್ಯಾಕೆಟ್ ಯಾಕಾಗಬಾರದು? ಮೂರು ಲೀಟರ್ ಹಾಲು, ಅರ್ಧ ಲೀಟರ್ ಪ್ಯಾಕೆಟ್ ಎಷ್ಟು? ಎಲ್ಲರ ಮನೆಯಲ್ಲೂ ನಂದಿನಿ ಇದೆ.

ಮೂರು ಸೀಟಿ · 11:43

2024ರ ಜೂನ್‌ನಿಂದ 2025ರ ಮಾರ್ಚ್‌ವರೆಗೆ ಆ ಅರ್ಧ ಲೀಟರ್ ಪ್ಯಾಕೆಟ್‌ನಲ್ಲಿ 550 ಮಿಲಿ ಇತ್ತು. ಆ ವರ್ಷದ ಮಕ್ಕಳ ಉತ್ತರ 5 ಮತ್ತೆ ಚೂರು.

ರಾಗಿಮುದ್ದೆ · 11:44

50 ಮಿಲಿಗೆ 2 ರೂಪಾಯಿ ಜಾಸ್ತಿ ಮಾಡಿದರು, ಆಮೇಲೆ 50 ಮಿಲಿ ವಾಪಸ್ ತೆಗೆದುಕೊಂಡು ಮತ್ತೆ ದುಡ್ಡು ಜಾಸ್ತಿ ಮಾಡಿದರು. ಈ ಲೆಕ್ಕ ಯಾವ ತರಗತಿಯಲ್ಲಿ ಬರುತ್ತದೆ?

ಕಾಗೆ ಕಂಠ · 11:46

ಹಾಲು ಬಿಡಿ, ಕಾಫಿ ಪುಡಿ ರೇಟು ನೋಡಿದ್ದೀರಾ?

ನಿರ್ವಾಹಕ · 11:58

ಎತ್ತು ಏರಿಗೆ, ಕೋಣ ನೀರಿಗೆ. ಹಾಲು, ಕಾಫಿ ಬೇರೆ ಚರ್ಚೆಗೆ ಒಯ್ಯಿರಿ. ಹುಡುಗಿಗೆ ಮುಂದಿನ ಮಂಗಳವಾರ ಪಾಠ ಇದೆ.

ಎರಡನೇ ವರ್ಷ · ಬುಧವಾರ ರಾತ್ರಿ 10:05

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಅಮ್ಮನ ಪಾವು, ಅಜ್ಜಿಯ ಅಚ್ಚೇರು ಇಟ್ಟುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತೆ. 2 ÷ ½ ಸರಿ. 1¾ ÷ ½ ಸರಿ, ಮೂರು ಸೀಟಿ ಅಕ್ಕ ಹೇಳಿದ ಹಾಗೆ ಆ ಕೊನೆಯ ಪಾವು ಅಚ್ಚೇರಿನ ಅರ್ಧಕ್ಕೆ ಬಂದು ನಿಂತಿತು.

ಆದರೆ 3 ÷ ¾ ಹತ್ತಿರ ಮತ್ತೆ ಸಿಕ್ಕಿಕೊಂಡೆ. ಮುಕ್ಕಾಲು ಸೇರಿನ ಅಳತೆ ನಮ್ಮ ಮನೆಯಲ್ಲಿಲ್ಲ. ತಿರುಗಿಸಿ ಗುಣಿಸಿದರೆ 4 ಬರುತ್ತದೆ. ಆದರೆ *ಯಾಕೆ* ತಿರುಗಿಸಬೇಕು? ಅವಳು ಅದನ್ನು ಕೇಳೇ ಕೇಳುತ್ತಾಳೆ.

ತುಮಕೂರು ಮೇಷ್ಟ್ರು · 10:21

ಮುಕ್ಕಾಲು ಅಂದರೆ ಎಷ್ಟು ಪಾವು? ಮೂರು. ಮೊದಲು ಮೂರು ಸೇರನ್ನೂ ಪಾವಿಗೆ ಇಳಿಸಿ. ಸೇರಿಗೆ ನಾಲ್ಕರಂತೆ ಹನ್ನೆರಡು ಪಾವು. ಅಂದರೆ 4ರಿಂದ ಗುಣಿಸಿದಿರಿ. ಆಮೇಲೆ ಮೂರು ಮೂರು ಪಾವಿನ ಗುಡ್ಡೆ ಹಾಕಿ. ಅಂದರೆ 3ರಿಂದ ಭಾಗಿಸಿದಿರಿ. ನಾಲ್ಕು ಗುಡ್ಡೆ.

4ರಿಂದ ಗುಣಿಸಿ 3ರಿಂದ ಭಾಗಿಸಿದ್ದು. ¾ ತಿರುಗಿ 4/3 ಆಗುವುದು ಇಲ್ಲೇ. ಬೇರೆ ಮಾಯ ಏನೂ ಇಲ್ಲ.

ಟ್ಯೂಷನ್ ಸರ್ · 10:40

ಹದಿನೆಂಟು ವರ್ಷದಿಂದ ಇದನ್ನು ತಿರುಗಿಸುತ್ತಿದ್ದೇನೆ. ಯಾಕೆ ಅಂತ ಇವತ್ತು ಗೊತ್ತಾಯಿತು. ಮೇಷ್ಟ್ರೇ, ನಿಮ್ಮನ್ನು ಭೇಟಿಯಾಗಬೇಕು.

ತುಮಕೂರು ಮೇಷ್ಟ್ರು · 10:44

ಬನ್ನಿ. ಬರುವಾಗ ಸೊಸೆಗೆ ಒಂದು ಪಾವು ತನ್ನಿ, ನಮ್ಮ ಮನೆಯದು ಮೊಮ್ಮಗನ ಆಟದ ಸಾಮಾನಾಗಿದೆ.

ಎರಡನೇ ವರ್ಷ · ಮುಂದಿನ ಮಂಗಳವಾರ ಸಂಜೆ 6:30

ಪಾಠ ಮುಗಿಯಿತು. ಹೇಳುತ್ತೇನೆ ಕೇಳಿ.

ಅಕ್ಕಿ ಚೆಲ್ಲಿದರೆ ಅಂತ ಹೆದರಿ ಬೇಸಿನ್ ಕೆಳಗೆ ಪೇಪರ್ ಹಾಸಿದ್ದೆ. ಆದರೂ ಚೆಲ್ಲಿತು. ಉಪನ್ಯಾಸಕರು ಹಿಂದಿನ ಬೆಂಚಿನಲ್ಲಿ ಪೆನ್ನು ಹಿಡಿದು ಕೂತಿದ್ದರು. ನನ್ನ ಕೈ ನಡುಗುತ್ತಿತ್ತು. ಮೊದಲು ಆ ಹುಡುಗಿಯನ್ನು ಕರೆದೆ. "ಅವತ್ತು ನೀನು ಕೇಳಿದ್ದು ಸರಿಯಾದ ಪ್ರಶ್ನೆ, ನನಗೆ ಉತ್ತರ ಗೊತ್ತಿರಲಿಲ್ಲ" ಅಂದೆ. ತರಗತಿ ಒಂದು ಕ್ಷಣ ಸುಮ್ಮನಾಯಿತು. ಅವಳು ಅಚ್ಚೇರು ತೆಗೆದುಕೊಂಡಳು.

ಅಚ್ಚೇರನ್ನು ಗೋಪುರ ಬರುವಷ್ಟು ತುಂಬಿದಳು. ಹಾಗಾಗಿ ಮೂರೂವರೆ ಸಲಕ್ಕೇ ಖಾಲಿ! ನನ್ನ ಎದೆ ಧಸಕ್ಕೆಂದಿತು. ಅಷ್ಟರಲ್ಲಿ ಇನ್ನೊಬ್ಬ "ಏ, ಕೈಯಲ್ಲಿ ಸವರು, ನಮ್ಮ ರೇಷನ್ ಅಂಗಡಿಯವ್ರು ಸವರ್ತಾರೆ" ಅಂತ ಕೂಗಿದ. ಸವರಿ ಅಳೆದಾಗ ಸರಿಯಾಗಿ ನಾಲ್ಕು. ಅವಳೇ ತಿರುಗಿ ಎಲ್ಲರಿಗೂ ಹೇಳಿದಳು, "ಅಕ್ಕಿ ಅಷ್ಟೇ ಇದೆ, ಡಬ್ಬ ಚಿಕ್ಕದು, ಅದಕ್ಕೆ ಜಾಸ್ತಿ ಸಲ." ನಾನು ಬರೆದುಕೊಂಡು ಹೋಗಿದ್ದ ಪಾಠ ಯೋಜನೆಯಲ್ಲಿ ಅದನ್ನು ಹೇಳಬೇಕಾದವಳು ನಾನು.

1¾ಕ್ಕೆ ಅರ್ಧ ತರಗತಿ ಮೂರೂ ಕಾಲು ಅಂದಿತು. ಟ್ಯೂಷನ್ ಸರ್ ನೆನಪಾದರು. ಜಗಳ ಆಗಲಿ ಅಂತ ಬಿಟ್ಟೆ. ಹತ್ತು ನಿಮಿಷ ಹೋಯಿತು, 3 ÷ ¾ ಮಾಡಲು ಆಗಲೇ ಇಲ್ಲ. ಉಪನ್ಯಾಸಕರು "ಸಮಯ ನಿರ್ವಹಣೆ ಸುಧಾರಿಸಬೇಕು" ಅಂತ ಬರೆದಿದ್ದಾರೆ. ಕೆಳಗೆ ಇನ್ನೊಂದು ಸಾಲು, "ಮಕ್ಕಳು ಮಾತಾಡಿದರು."

ಕೊನೆಗೆ ಗಂಟೆ ಹೊಡೆಯುವಾಗ ಅದೇ ಹುಡುಗಿ ಎದ್ದಳು. "ಮಿಸ್, ಡಬ್ಬ ಚಿಕ್ಕದು ಮಾಡ್ತಾ ಹೋದ್ರೆ ಸಲ ಜಾಸ್ತಿ ಆಗ್ತಾ ಹೋಗುತ್ತೆ. ಸೊನ್ನೆ ಡಬ್ಬ ಆದ್ರೆ?"

"ಗೊತ್ತಿಲ್ಲ. ನಾಳೆ ಹೇಳ್ತೀನಿ" ಅಂದೆ. ಈ ಸಲ ಬಾಯಿ ಒಣಗಲಿಲ್ಲ. ಆದರೆ ನಾಳೆ ಅಂದರೆ ನಾಳೆಯೇ. ಬೇಗ ಹೇಳಿ ಯಾರಾದರೂ!

ಬಳಪದ ಚೂರು · 6:34

ಈ ಹುಡುಗಿ ನಮ್ಮನ್ನೆಲ್ಲ ಮನೆಗೆ ಕಳಿಸುತ್ತಾಳೆ.

ತುಮಕೂರು ಮೇಷ್ಟ್ರು · 6:50

ಏನೂ ಹಿಡಿಯದ ಡಬ್ಬ ತಾನೇ? ತಳ ಕಿತ್ತುಹೋದ ಪಾವು ಒಂದು ಹುಡುಕಿ ಅವಳ ಕೈಗೆ ಕೊಡಿ. ಎತ್ತಿ ಎತ್ತಿ ಅಳೆಯಲಿ. ಹತ್ತು ಸಲ, ನೂರು ಸಲ. ಬೇಸಿನ್ ಖಾಲಿ ಆಗುತ್ತದಾ ಕೇಳಿ. ಎಷ್ಟು ಸಲಕ್ಕೆ ಖಾಲಿ ಅನ್ನುವುದಕ್ಕೆ ಯಾವ ಸಂಖ್ಯೆಯೂ ಉತ್ತರವಾಗುವುದಿಲ್ಲ. ಅದಕ್ಕೇ ಸೊನ್ನೆಯಿಂದ ಭಾಗಿಸುವುದಿಲ್ಲ.

ಎರಡನೇ ವರ್ಷ · 6:58

ಮೇಷ್ಟ್ರೇ!! ಆದರೆ ತಳ ಇಲ್ಲದ ಪಾವು ಎಲ್ಲಿ ಸಿಗುತ್ತದೆ?

ಮೂರು ಸೀಟಿ · 7:01

ಟೊಮೆಟೊ ಸಾಸ್ ಡಬ್ಬದ ಎರಡೂ ಕಡೆ ಕತ್ತರಿಸಿ. ಅಂಚಿಗೆ ಟೇಪ್ ಹಾಕಿ, ಮಕ್ಕಳ ಕೈ ಕೊಯ್ದೀತು.

ರಾಗಿಮುದ್ದೆ · 7:03

ಅಮ್ಮನ ಪಾವಿಗೆ ಮಾತ್ರ ಕೈ ಹಾಕಬೇಡಿ.

ಎರಡನೇ ವರ್ಷ · 7:05

ಅದು ಇನ್ನೂ ಶಾಲೆಯ ಬೀರುವಿನಲ್ಲಿದೆ. ಬೀಗದ ಕೈ ಹೆಡ್ ಮಿಸ್ ಹತ್ತಿರ. ಅಮ್ಮ ಇವತ್ತು ಲೋಟದಲ್ಲಿ ಅಳೆದು ಅನ್ನವನ್ನು ಮುದ್ದೆ ಮಾಡಿಬಿಟ್ಟಿದ್ದಾರೆ.